ಹಳೆಯ ಕಾರಿನ ಬ್ಯಾಟರಿ: ಖರೀದಿಗೆ ಮುನ್ನ ಪರೀಕ್ಷೆ

ಹಿರಿಯರ ಕಾಲದಿಂದ ಉಳಿದುಬಂದ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರನ್ನು ಇಂದಿಗೂ ಜೋಪಾನವಾಗಿ ಇರಿಸಿಕೊಂಡಿರುವ ವ್ಯಾಪಾರಸ್ಥ ಕುಟುಂಬಗಳು ಹಲವಿವೆ. ಇಂತಹ ಕಾರುಗಳ ಮಾಲೀಕರ ಸಾಮಾನ್ಯ ದೂರು, ಮುಂಜಾನೆ ಕಾರು ಸ್ಟಾರ್ಟ್ ಆಗುವುದಿಲ್ಲವೆಂಬುದು. ಕೂಡಲೇ ಹೊಸ ಬ್ಯಾಟರಿಯನ್ನು ಖರೀದಿಸಲಾಗುತ್ತದೆ. ಕೆಲವೇ ವಾರಗಳಲ್ಲಿ ಅದೂ ಬರಿದಾಗುತ್ತದೆ. ದೋಷವು ಚಾರ್ಜಿಂಗ್ ವ್ಯವಸ್ಥೆಯಲ್ಲಿದ್ದರೆ ಈ ವೆಚ್ಚವೆಲ್ಲವೂ ವ್ಯರ್ಥ.

ಬ್ಯಾಟರಿಯನ್ನು ಉಳಿತಾಯ ಖಾತೆಗೆ ಹೋಲಿಸಬಹುದು. ಡೈನಮೋ ಅಥವಾ ಆಲ್ಟರ್ನೇಟರ್ ಅದಕ್ಕೆ ಜಮೆ ಮಾಡುತ್ತದೆ. ಸ್ಟಾರ್ಟರ್, ದೀಪ, ಹಾರ್ನ್‌ಗಳು ಖರ್ಚು ಮಾಡುತ್ತವೆ. ಖಾತೆ ಬರಿದಾಗಲು ನಾಲ್ಕು ಕಾರಣಗಳುಂಟು: ಬ್ಯಾಟರಿಯೇ ಸವೆದಿರುವುದು, ಜಮೆ ಆಗದಿರುವುದು, ಜಮೆಗಿಂತ ಖರ್ಚು ಅಧಿಕವಾಗಿರುವುದು ಮತ್ತು ಅರಿವಿಲ್ಲದೆ ಸೋರಿಕೆಯಾಗುವುದು. ಇವುಗಳನ್ನು ಪ್ರತ್ಯೇಕಿಸಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು.

ಬ್ಯಾಟರಿಯ ಸ್ಥಿತಿ: ಬ್ಯಾಟರಿಯನ್ನು ಹೊರಗಿನ ಚಾರ್ಜರ್‌ನಿಂದ ಪೂರ್ಣವಾಗಿ ಚಾರ್ಜ್ ಮಾಡಿ, ತಂತಿಗಳನ್ನು ಕಳಚಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಸುಮಾರು 12.6 ವೋಲ್ಟ್ ಇದ್ದರೆ ಅದು ಚಾರ್ಜನ್ನು ಹಿಡಿದಿಟ್ಟಿದೆ ಎಂದರ್ಥ. 12 ವೋಲ್ಟ್‌ಗಿಂತ ಕೆಳಗಿಳಿದಿದ್ದರೆ ಬ್ಯಾಟರಿಯನ್ನು ದೂಷಿಸಬಹುದು.

ಜಮೆಯ ಪರೀಕ್ಷೆ: ತಂತಿಗಳನ್ನು ಮರಳಿ ಜೋಡಿಸಿ, ಎಂಜಿನ್ನಿನ ವೇಗವನ್ನು ತುಸು ಏರಿಸಿದಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಕಾಣಬೇಕು. ವೋಲ್ಟೇಜ್ ಏರದಿದ್ದರೆ ಜಮೆ ಆಗುತ್ತಿಲ್ಲ. 15 ವೋಲ್ಟ್ ಮೀರಿದರೆ ರೆಗ್ಯುಲೇಟರ್ ಕೆಟ್ಟಿದ್ದು, ಬ್ಯಾಟರಿಯ ನೀರು ಬತ್ತುತ್ತದೆ. ಜಮೆ ಇಲ್ಲದಿದ್ದಲ್ಲಿ ಮೊದಲು ಸಡಿಲವಾದ ಫ್ಯಾನ್ ಬೆಲ್ಟ್, ಕಿಲುಬು ಹಿಡಿದ ಟರ್ಮಿನಲ್ ಹಾಗೂ ಅರ್ತ್ ತಂತಿಗಳನ್ನು ನೋಡುವುದು ಲೇಸು. ಇವು ಅಲ್ಪ ವೆಚ್ಚದಲ್ಲಿ ಸರಿಯಾಗುತ್ತವೆ.

ಹಳೆಯ ಮಾದರಿಗಳಲ್ಲಿರುವ ಲೂಕಾಸ್ ಡೈನಮೋಗೆ ಪ್ರತ್ಯೇಕ ಪರೀಕ್ಷೆಯಿದೆ. ಡಿ ಮತ್ತು ಎಫ್ ತಂತಿಗಳನ್ನು ಕಳಚಿ, ಡೈನಮೋದ ಆ ಎರಡು ತುದಿಗಳನ್ನು ಪರಸ್ಪರ ಜೋಡಿಸಿ, ಅಲ್ಲಿಂದ ಬಾಡಿಗೆ ಮೀಟರ್ ಹಿಡಿದು, ಎಂಜಿನ್ನಿನ ವೇಗವನ್ನು ನಿಧಾನವಾಗಿ ಏರಿಸಬೇಕು. 20 ವೋಲ್ಟ್ ದಾಟಗೊಡಬಾರದು. ವೋಲ್ಟೇಜ್ ಸರಾಗವಾಗಿ ಏರಿದರೆ ಡೈನಮೋ ಸರಿಯಿದ್ದು, ದೋಷವು ಕಂಟ್ರೋಲ್ ಬಾಕ್ಸ್ ಅಥವಾ ತಂತಿಯಲ್ಲಿದೆ. ಏನೂ ತೋರದಿದ್ದರೆ ಕಾರ್ಬನ್ ಬ್ರಷ್, ಅರ್ಧದಿಂದ 1 ವೋಲ್ಟ್ ತೋರಿದರೆ ಫೀಲ್ಡ್ ಕಾಯಿಲ್, 4ರಿಂದ 5 ವೋಲ್ಟ್ ತೋರಿದರೆ ಆರ್ಮೇಚರ್ ಶಂಕಾಸ್ಪದ. ಈ ಪರೀಕ್ಷೆಯನ್ನು ಆಲ್ಟರ್ನೇಟರ್ ಮೇಲೆ ಮಾಡಕೂಡದು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಳಚಿ ನೋಡುವ ರೂಢಿಯೂ ಆಲ್ಟರ್ನೇಟರಿನ ಡಯೋಡುಗಳನ್ನು ಸುಡಬಲ್ಲದು.

ಖರ್ಚಿನ ಲೆಕ್ಕ: ಲೂಕಾಸ್ ಸಿ40 ಮಾದರಿಯ ಡೈನಮೋದ ಗರಿಷ್ಠ ಉತ್ಪಾದನೆ 22 ಆಂಪಿಯರ್. 60 ವ್ಯಾಟಿನ ಎರಡು ಹೆಡ್‌ಲೈಟುಗಳೇ 10 ಆಂಪಿಯರ್ ಬಳಸುತ್ತವೆ. ಇಗ್ನಿಷನ್, ವೈಪರ್‌ಗಳ ಜೊತೆಗೆ ಫಾಗ್ ಲ್ಯಾಂಪ್, ಮ್ಯೂಸಿಕ್ ಸಿಸ್ಟಮ್‌ಗಳನ್ನೂ ಸೇರಿಸಿದರೆ ಉಳಿಯುವುದು ಅತ್ಯಲ್ಪ. ನಗರದ ಸಿಗ್ನಲ್‌ಗಳಲ್ಲಿ ಎಂಜಿನ್ ಮಂದಗತಿಯಲ್ಲಿರುವಾಗ ಡೈನಮೋದಿಂದ ಜಮೆಯೇ ಆಗದು.

ಸೋರಿಕೆ: ಎಂಜಿನ್ ನಿಲ್ಲಿಸಿ, ಬಾಗಿಲು ಮುಚ್ಚಿ, ಬ್ಯಾಟರಿಯ ಅರ್ತ್ ತಂತಿಯನ್ನು ಕಳಚಿ, ನಡುವೆ ಮೀಟರನ್ನು ಆಂಪಿಯರ್ ಮಾಪನಕ್ಕಿಟ್ಟು ಜೋಡಿಸಬೇಕು. ಈ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಬಾರದು. ಗಡಿಯಾರದ ಹೊರತು ಬೇರೇನೂ ವಿದ್ಯುತ್ ಬಳಸದಿರುವುದರಿಂದ ಅಳತೆ ಶೂನ್ಯದ ಸಮೀಪವಿರಬೇಕು. ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಬೇಕು. ಯಾವುದನ್ನು ತೆಗೆದಾಗ ಅಳತೆ ಇಳಿಯುವುದೋ ಸೋರಿಕೆ ಆ ಮಾರ್ಗದಲ್ಲಿದೆ. ಅಂಟಿಕೊಂಡ ಕಟ್‌ಔಟ್ ಪಾಯಿಂಟುಗಳೂ ಬ್ಯಾಟರಿಯನ್ನು ಬರಿದುಮಾಡುತ್ತವೆ.

2021ರ ಕೇಂದ್ರ ನಿಯಮಗಳನ್ವಯ ವಿಂಟೇಜ್ ಎಂದು ನೋಂದಾಯಿತವಾದ, 50 ವರ್ಷ ಮೀರಿದ ಕಾರುಗಳನ್ನು ನಿತ್ಯ ಬಳಕೆಗೆ ಓಡಿಸುವಂತಿಲ್ಲ. ಬಹುಕಾಲ ನಿಂತಿರುವ ಇಂತಹ ಕಾರುಗಳ ಬ್ಯಾಟರಿ ತಾನಾಗಿಯೇ ಇಳಿಯುವುದು ಸಹಜ. ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೆ ಅದರ ಆಯುಷ್ಯ ಹೆಚ್ಚುತ್ತದೆ. ಮೇಲಿನ ಅಳತೆಗಳನ್ನು ದಿನಾಂಕದೊಡನೆ ಬರೆದಿಟ್ಟು ಆಟೋ ಎಲೆಕ್ಟ್ರಿಷಿಯನ್ನರಿಗೆ ತೋರಿಸಿದಲ್ಲಿ ಊಹೆಯ ಮೇಲೆ ಬಿಡಿಭಾಗಗಳನ್ನು ಬದಲಿಸುವ ವೆಚ್ಚ ತಪ್ಪುತ್ತದೆ.