ಒತ್ತಿದರೆ ಉಬ್ಬುವ ಕಲ್ಲು

ಎಲ್ಲ ಕಡೆಯಿಂದ ಸಮನಾಗಿ ಒತ್ತಿದಾಗ ಯಾವ ವಸ್ತುವಾದರೂ ಕುಗ್ಗಬೇಕು. ಉಕ್ಕಾಗಲಿ ಕಲ್ಲಾಗಲಿ, ಇದಕ್ಕೆ ಹೊರತಲ್ಲ. ಆದರೆ ನ್ಯಾಟ್ರೊಲೈಟ್ ಎಂಬ ಖನಿಜವನ್ನು ನೀರಿನಲ್ಲಿ ಮುಳುಗಿಸಿ ಒತ್ತಡ ಏರಿಸುತ್ತ ಹೋದರೆ, ಮೊದಮೊದಲು ಕುಗ್ಗುವ ಅದು ಒಂದು ಹಂತದಲ್ಲಿ ಥಟ್ಟನೆ ಉಬ್ಬಿಬಿಡುತ್ತದೆ!

ನ್ಯಾಟ್ರೊಲೈಟ್ ಜಿಯೊಲೈಟ್ ಕುಟುಂಬಕ್ಕೆ ಸೇರಿದ್ದು. 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಆಕ್ಸೆಲ್ ಕ್ರೋನ್‌ಸ್ಟೆಟ್ ಕಾಯಿಸಿದರೆ ನೊರೆ ಕಾರುವ ಕಲ್ಲುಗಳನ್ನು ಗಮನಿಸಿ ಜಿಯೊಲೈಟ್ ಎಂಬ ಹೆಸರಿಟ್ಟ. ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಪರಮಾಣುಗಳು ಸೇರಿ ಕಟ್ಟಿದ ಚೌಕಟ್ಟಿನೊಳಗೆ ಅತಿ ಸಣ್ಣ ಸುರಂಗಗಳಿದ್ದು, ಅವುಗಳಲ್ಲಿ ನೀರು ಕೂತಿರುತ್ತದೆ. ಕಾಯಿಸಿದಾಗ ಹೊರಬರುವುದು ಆ ನೀರೇ. ಪುಣೆ, ನಾಸಿಕ್ ಸುತ್ತಲಿನ ಕ್ವಾರಿಗಳಲ್ಲಿ ದಖ್ಖನ್ ಬಸಾಲ್ಟಿನ ಪೊಟರೆಗಳಿಂದ ಸಿಗುವ ಮೆಸೊಲೈಟ್, ಸ್ಕೊಲೆಸೈಟ್ ಹರಳುಗಳು ನ್ಯಾಟ್ರೊಲೈಟಿನ ಹತ್ತಿರದ ನೆಂಟರು. ಇದೇ ಬಸಾಲ್ಟ್ ಬೆಳಗಾವಿ, ವಿಜಯಪುರ, ಬೀದರ್‌ವರೆಗೂ ಹಬ್ಬಿದೆ.

ಉಬ್ಬುವಿಕೆಯನ್ನು ಕಾಣಲು ಬಳಸುವ ಉಪಕರಣ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದು. ತುದಿ ಸವೆಸಿ ಚಪ್ಪಟೆ ಮಾಡಿದ ಎರಡು ವಜ್ರಗಳು ಎದುರುಬದುರಾಗಿರುತ್ತವೆ. ನಡುವೆ ತೆಳುವಾದ ಲೋಹದ ಹಾಳೆ, ಅದರಲ್ಲಿ ಸೂಜಿಮೊನೆಯಂಥ ರಂಧ್ರ. ರಂಧ್ರದೊಳಗೆ ಖನಿಜದ ಪುಡಿ, ನೀರು ಬೆರೆಸಿದ ಆಲ್ಕೊಹಾಲ್ ಮತ್ತು ಮಾಣಿಕ್ಯದ ಒಂದು ಚೂರು. ತಿರುಪು ಬಿಗಿದಂತೆ ವಜ್ರಗಳು ಹತ್ತಿರವಾಗಿ ಒತ್ತಡ ಏರುತ್ತದೆ. ಲೇಸರ್ ಬಿದ್ದಾಗ ಮಾಣಿಕ್ಯ ಸೂಸುವ ಕೆಂಪು ಬೆಳಕಿನ ತರಂಗಾಂತರ ಒತ್ತಡಕ್ಕೆ ತಕ್ಕಂತೆ ಸರಿಯುವುದರಿಂದ ಆ ಚೂರೇ ಮಾಪಕ. ವಜ್ರದ ಮೂಲಕ ಕ್ಷ-ಕಿರಣ ಹಾಯಿಸಿ ಪರಮಾಣುಗಳ ಜೋಡಣೆಯನ್ನು ಲೆಕ್ಕಹಾಕುತ್ತಾರೆ.

ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿದ್ದ ಯಾಂಗ್‌ಜೇ ಲೀ, ಥಾಮಸ್ ವೋಗ್ಟ್ ಮತ್ತು ಸಂಗಡಿಗರು ಈ ವಿಧಾನದಿಂದ ಕಂಡದ್ದನ್ನು 2002ರಲ್ಲಿ ಪ್ರಕಟಿಸಿದರು. ಒತ್ತಡ ವಾಯುಮಂಡಲದ ಸುಮಾರು 8,000ದಿಂದ 15,000 ಪಟ್ಟು ಆಗುವಷ್ಟರಲ್ಲಿ ಹರಳಿನ ಮೂಲ ಘಟಕವೊಂದರಲ್ಲಿದ್ದ ನೀರಿನ ಅಣುಗಳು 16ರಿಂದ 32ಕ್ಕೆ ಏರಿದ್ದವು.

ಅಷ್ಟು ನೀರಿಗೆ ಜಾಗ ಎಲ್ಲಿಂದ ಬಂತು? ಅಂಗಡಿ ಬಾಗಿಲಿನ ಮಡಚುವ ಕಬ್ಬಿಣದ ಗೇಟನ್ನು ನೆನೆಯಿರಿ. ಅದರ ಪಟ್ಟಿಗಳು ಉದ್ದವಾಗುವುದಿಲ್ಲ, ಕೀಲುಗಳಲ್ಲಿ ತಿರುಗುತ್ತವೆ ಅಷ್ಟೆ. ನಡುವಿನ ಕಂಡಿ ಅಗಲವಾಗುತ್ತದೆ. ನ್ಯಾಟ್ರೊಲೈಟಿನ ಚೌಕಟ್ಟಿನ ಸರಪಳಿಗಳೂ ಹೀಗೇ ತಿರುಗಿ, ಚಪ್ಪಟೆಯಾಗಿದ್ದ ಸುರಂಗಗಳು ದುಂಡಗಾಗುತ್ತವೆ. ಸುರಂಗದೊಳಗೆ ನುಗ್ಗಲಾಗದ ದೊಡ್ಡ ಅಣುಗಳ ದ್ರವದಲ್ಲಿ ಒತ್ತಿದರೆ ಈ ಆಟ ನಡೆಯದು, ಹರಳು ಸುಮ್ಮನೆ ಕುಗ್ಗುತ್ತದೆ.

ಇಲ್ಲಿ ಭೌತನಿಯಮಕ್ಕೆ ಭಂಗವೇನೂ ಬಂದಿಲ್ಲ. ಹರಳೊಂದನ್ನೇ ನೋಡಿದರೆ ಹಿಗ್ಗಿದೆ. ಹರಳು ಮತ್ತು ಸುತ್ತಲಿನ ನೀರು ಎರಡನ್ನೂ ಸೇರಿಸಿ ಅಳೆದರೆ ಒಟ್ಟು ಗಾತ್ರ ತಗ್ಗಿದೆ. ಹೊರಗಿದ್ದುದಕ್ಕಿಂತ ಒಳಗೆ ನೀರು ಕಡಿಮೆ ಜಾಗದಲ್ಲಿ ಅಡಕವಾಗುತ್ತದೆ. ಒತ್ತಡ ಬಯಸುವುದೂ ಅದನ್ನೇ.

ಒತ್ತಡ ಇಳಿಸಿದರೆ ನ್ಯಾಟ್ರೊಲೈಟ್ ಹೆಚ್ಚುವರಿ ನೀರನ್ನು ಬಿಟ್ಟು ಮೊದಲಿನಂತಾಗುತ್ತದೆ. ಎಲ್ಲ ಬಗೆಗಳೂ ಹಾಗಲ್ಲ. ಬೆಳ್ಳಿಯ ಅಯಾನುಗಳನ್ನು ತುಂಬಿದ ನ್ಯಾಟ್ರೊಲೈಟಿಗೆ ಸುಮಾರು 17,000 ಪಟ್ಟು ಒತ್ತಡ ಮತ್ತು 250 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕ್ಸೆನಾನ್ ಅನಿಲ ಹೊಗಿಸಿದಾಗ, ಒತ್ತಡ ತೆಗೆದ ಮೇಲೂ ಅದು ಒಳಗೇ ಸಿಕ್ಕಿಕೊಂಡಿತೆಂದು 2014ರಲ್ಲಿ ವರದಿಯಾಯಿತು.

ಪ್ರಯೋಗಾಲಯದ ಈ ಚಮತ್ಕಾರ ಭೂಗರ್ಭಕ್ಕೂ ಸಂಬಂಧಿಸಿದ್ದು. ಪಿಂಗಾಣಿಗೆ ಬಳಸುವ ಕೆಯೊಲಿನೈಟ್ ಜೇಡಿ ಸಾಗರತಳದ ಹೂಳಿನಲ್ಲೂ ಇದೆ. ಒಂದು ಭೂಫಲಕ ಇನ್ನೊಂದರಡಿ ಜಾರುವಾಗ ಅದೂ ಕೆಳಗಿಳಿಯುತ್ತದೆ. ಸುಮಾರು 75 ಕಿಲೋಮೀಟರ್ ಆಳಕ್ಕೆ ಸಮನಾದ ಒತ್ತಡ ಮತ್ತು 200 ಡಿಗ್ರಿ ಬಿಸಿಯಲ್ಲಿ ಅದರ ಪದರಗಳ ನಡುವೆ ನೀರು ಹೊಕ್ಕು ಗಾತ್ರ ಶೇಕಡ 31ರಷ್ಟು ಹೆಚ್ಚುತ್ತದೆಂದು ಯಾಂಗ್‌ಜೇ ಲೀ ಅವರ ಕೊರಿಯಾದ ತಂಡ 2017ರಲ್ಲಿ ತೋರಿಸಿತು. ಇನ್ನೂ ಆಳದಲ್ಲಿ ಬಿಸಿ ಏರಿದಾಗ ಈ ನೀರು ಬಿಡುಗಡೆಯಾಗುತ್ತದೆ. ನೀರು ಬೆರೆತ ಬಂಡೆ ಕಡಿಮೆ ಉಷ್ಣತೆಯಲ್ಲೇ ಕರಗಿ ಶಿಲಾಪಾಕವಾಗುತ್ತದೆ. ಹಾಗಾಗಿ ಜ್ವಾಲಾಮುಖಿಗಳ ಹುಟ್ಟನ್ನು ಅರಿಯಬೇಕಾದರೆ ಬೆಂಕಿಯ ಜೊತೆಗೆ ಕಲ್ಲು ಕುಡಿದ ನೀರಿನ ಲೆಕ್ಕವನ್ನೂ ಇಡಬೇಕು.