ಪುಷ್ಪಗಿರಿಯ ಏರು

ಎಪ್ಪತ್ತು ದಾಟಿದ ತಾತ ಗೇರಿಲ್ಲದ ಸೈಕಲ್ಲಿನಲ್ಲಿ ಬೆಟ್ಟ ಹತ್ತುವುದೇ? ಮೊಮ್ಮಗಳು ನಕ್ಕಳು. ಆದರೂ ಅರಸೀಕೆರೆಯಿಂದ ಹಿಂದಿನ ದಿನವೇ ಹಳೇಬೀಡಿಗೆ ಬಂದು, ಬೆಳಗಿನ ಆರಕ್ಕೆ ಒಬ್ಬನೇ ಹೊರಟೆ. ಪುಷ್ಪಗಿರಿ ಊರಿಗೆ ಹತ್ತಿರವೇ. ಏರು ಮಾತ್ರ ಕಡಿದು. ಅರ್ಧದಲ್ಲೇ ಎದೆ ಢವಢವ ಎಂದಿತು. ಇಳಿದು ತಳ್ಳಿದೆ, ನಾಚಿಕೆಯೇನಿಲ್ಲ.

ಮೇಲೆ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಸ್ಥಾನ. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಆ ‘ಸಮುದ್ರ’ ಎಂದರೆ ಊರಿನ ದೊಡ್ಡ ಕೆರೆಯೇ, ಮಕ್ಕಳೇ.

ಭಯವಾದದ್ದು ಇಳಿಯುವಾಗ. ಹಿಂದಿನ ಬ್ರೇಕಿನ ರಬ್ಬರ್ ಸವೆದುಹೋಗಿತ್ತು. ಬ್ಯಾಂಕಿನಲ್ಲಿ ಪೈಸೆ ಪೈಸೆಗೂ ತಾಳೆ ನೋಡಿದವನು ಹೊರಡುವ ಮುನ್ನ ಅದನ್ನು ನೋಡಿರಲಿಲ್ಲ! ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನಷ್ಟೇ ಬಿಗಿಯಾಗಿ ಒತ್ತಿದರೆ ಸೈಕಲ್ ಸವಾರನ ಸಮೇತ ಮುಗುಚೀತು. ಹಾಗಾಗಿ ಬುಡದವರೆಗೂ ನಡೆದೇ ಬಂದೆ. ಹೊಸ ರಬ್ಬರ್ ಹಾಕಿಸಿಕೊಂಡು, 16 ಕಿಲೋಮೀಟರ್ ತುಳಿದು ಬೇಲೂರು ಸೇರಿದೆ.

ಏರಿನಲ್ಲಿ ತಳ್ಳಿದ್ದನ್ನು ಮೊಮ್ಮಗಳಿಗೆ ಹೇಳಿದ್ದೇನೆ. ಬ್ರೇಕಿನ ಸಂಗತಿ ಅವಳಿಗೆ ತಿಳಿಯುವುದು ಇದನ್ನು ಓದಿದಾಗಲೇ.