ಕಳ್ಳ, ಪೋಲೀಸು ಮತ್ತು ವ್ಯಂಗ್ಯಚಿತ್ರ

ನಮ್ಮ ಹಳೆಯ ಆಲಂಕಾರಿಕರ ಲೆಕ್ಕದಲ್ಲಿ 'ವ್ಯಂಗ್ಯಚಿತ್ರ' ಎಂಬ ಮಾತೇ ಸಲ್ಲದು. ನೇರವಾಗಿ ಹೇಳದೆ ಸೂಚಿಸುವ ಅರ್ಥ ವ್ಯಂಗ್ಯ. ಅದಿಲ್ಲದೆ ಬರಿಯ ಬೆಡಗಿನಿಂದ ನಿಲ್ಲುವ ಕಾವ್ಯಕ್ಕೆ ಆನಂದವರ್ಧನನು ಇಟ್ಟ ಹೆಸರು ಚಿತ್ರ. ಎರಡನ್ನೂ ಒಂದೇ ಪದದಲ್ಲಿ ಕೂಡಿಸಿದವರು ಪತ್ರಿಕೆಯವರು. ಕೂಡಿಸಿದ್ದು ಒಳ್ಳೆಯದೇ ಆಯಿತೆನ್ನಿ.

ಬೀದಿಯಲ್ಲಿ ಕಳವು, ಸುಲಿಗೆ ಹೆಚ್ಚಿದಾಗ ಸರ್ಕಾರ ಹೇಳಿಕೆ ಕೊಡುತ್ತದೆ, ಗಸ್ತು ಹೆಚ್ಚಿಸುತ್ತದೆ, ಕಾನೂನು ತಿದ್ದುತ್ತದೆ. ಆಗ ವ್ಯಂಗ್ಯಚಿತ್ರಕಾರನ ಗುರಿ ಕಳ್ಳನಲ್ಲ. ಹೇಳಿಕೆಗೂ ಬೀದಿಗೂ ನಡುವಣ ದೂರ. 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಕೇರಿಯಲ್ಲಿ ಹೆಂಗಸರ ಕೊಲೆಗಳಾಗಿ ಊರೇ ನಡುಗಿತ್ತು. ಸೆಪ್ಟೆಂಬರ್ 22ರ 'ಪಂಚ್' ಪತ್ರಿಕೆಯಲ್ಲಿ ಜಾನ್ ಟೆನಿಯೆಲ್ ಬರೆದ ಚಿತ್ರವೊಂದುಂಟು: ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಪೋಲೀಸಿನವನು ಕೈಚಾಚಿ ತಡಕುತ್ತಿದ್ದಾನೆ, ಸುತ್ತಲೂ ಪುಂಡರು ಆಡಿಸುತ್ತಿದ್ದಾರೆ. ನಮ್ಮ ಮಕ್ಕಳ ಕಣ್ಣಾಮುಚ್ಚಾಲೆಯೇ ಸರಿ. ಮುಂದಿನ ವಾರ ಅದೇ ಕೈ ಇನ್ನೊಂದು ಬರೆಯಿತು: ಕೊಳಕು ಓಣಿಯಲ್ಲಿ ಕತ್ತಿ ಹಿಡಿದು ತೇಲಿಬರುವ ಪಿಶಾಚಿ. ಇಲ್ಲಿ ತಪ್ಪುಗಾರನು ಪೋಲೀಸಿನವನಲ್ಲ, ಆ ಓಣಿಯನ್ನು ಕೊಳೆಯಬಿಟ್ಟ ನಗರ. ನಗು ತರಿಸದಿದ್ದರೂ ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಚಿತ್ರ.

ನಮ್ಮ ಊರಿಗೆ ಈ ವಿದ್ಯೆ ಹೊಸದಲ್ಲ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರು, ರಾ.ಶಿ.ಯವರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಗೆ ಚಿತ್ರ ಬರೆದುಕೊಟ್ಟವರು. ಅವರ ಅಣ್ಣ ನಾರಾಯಣರ ಮನೆ ಇಲ್ಲೇ ಯಾದವಗಿರಿಯಲ್ಲಿದೆ. ಲಕ್ಷ್ಮಣರ ಶ್ರೀಸಾಮಾನ್ಯ ಚೌಕಳಿ ಕೋಟು, ಪಂಚೆ ತೊಟ್ಟು ಸುಮ್ಮನೆ ನಿಂತಿರುತ್ತಾನೆ. ಮಂತ್ರಿ ಮಾತನಾಡುತ್ತಾನೆ, ಇವನು ನೋಡುತ್ತಾನೆ. ವ್ಯಂಗ್ಯವೆಲ್ಲ ಆ ಮೌನದಲ್ಲಿ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 304ನೆಯ ಕಲಮು, ಸರ ಕಿತ್ತುಕೊಂಡು ಓಡುವಂಥ ಅಪರಾಧಕ್ಕೆ ಬೇರೆಯೇ ಹೆಸರಿಟ್ಟಿದೆ. ಸೆರೆವಾಸ ಮಾತ್ರ ಹೆಚ್ಚೆಂದರೆ 3 ವರ್ಷ. ಹಳೆಯ ದಂಡಸಂಹಿತೆಯಲ್ಲಿ ಸಾಮಾನ್ಯ ಕಳವಿಗೂ ಅಷ್ಟೇ ಇತ್ತು. ನಮ್ಮ ನೆರೆಮನೆಯ ಅಜ್ಜಿಗೆ ಕಲಮಿನ ಸಂಖ್ಯೆ ಗೊತ್ತಿಲ್ಲ. ಸಂಜೆ ದೇವಸ್ಥಾನಕ್ಕೆ ಹೊರಟರೆ ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಾರೆ.

ಆದರೆ ಈ ಕಲೆಯಲ್ಲಿ ಒಂದು ದೋಷವುಂಟು, ಅದನ್ನು ನನಗೆ ತೋರಿಸಿದವನು ಒಂಬತ್ತನೆಯ ತರಗತಿಯ ಹುಡುಗ. ಪತ್ರಿಕೆಯ ಚಿತ್ರವೊಂದನ್ನು ಹಿಡಿದು ವ್ಯಾಜಸ್ತುತಿಯನ್ನು ವಿವರಿಸುತ್ತಿದ್ದೆ. ನಿಂದೆಯನ್ನು ಹೊಗಳಿಕೆಯಲ್ಲಿ ಅಡಗಿಸುವ ಅಲಂಕಾರವದು. ಹುಡುಗ ಎದ್ದು, "ಸಾರ್, ಕಳ್ಳ ಯಾವಾಗಲೂ ಯಾಕೆ ನಮ್ಮಪ್ಪನ ಹಾಗೇ ಲುಂಗಿ ಉಟ್ಟಿರ್ತಾನೆ?" ಎಂದ. ತರಗತಿ ನಕ್ಕಿತು, ಅವನು ನಗಲಿಲ್ಲ. ವೇಷ ನೋಡಿ, ಹುಟ್ಟು ನೋಡಿ ಕಳ್ಳನೆನ್ನುವ ಚಾಳಿ ಈ ದೇಶದಲ್ಲಿ ಕಾನೂನೇ ಆಗಿತ್ತು. 1871ರ ಅಪರಾಧಿ ಬುಡಕಟ್ಟುಗಳ ಶಾಸನ ರದ್ದಾದದ್ದು 1952ರಲ್ಲಿ. ಚಿತ್ರಕಾರರ ಕೈಯಿಂದ ಅದಿನ್ನೂ ಪೂರ್ತಿ ಹೋಗಿಲ್ಲ.

ನನ್ನಲ್ಲಿ ಉತ್ತರವಿರಲಿಲ್ಲ. ನೀನೇ ಒಂದು ಬರೆದು ತಾ ಎಂದೆ. ಮರುದಿನ ನೋಟುಪುಸ್ತಕದ ಹಾಳೆಯಲ್ಲಿ ತಂದ. ಬೀದಿಯ ನಡುವೆ ಪೋಲೀಸಿನವರು ಲುಂಗಿಯವನೊಬ್ಬನನ್ನು ನಿಲ್ಲಿಸಿ ವಿಚಾರಿಸುತ್ತಿದ್ದಾರೆ. ಹಿಂದೆ ಮೋಟರ್‌ಸೈಕಲ್ಲಿನಲ್ಲಿ ಒಬ್ಬ ಹಾಯ್ದು ಹೋಗುತ್ತಿದ್ದಾನೆ, ಕೈಯಲ್ಲಿ ಸರ. ಅವನಿಗೆ ಮುಖವನ್ನೇ ಬರೆದಿರಲಿಲ್ಲ. ಹೆಲ್ಮೆಟ್ಟು ಮಾತ್ರ ಇತ್ತು.